ಕೆಂಪು ಸ್ವಿಚ್ಚು ಡೈರೆಕ್ಟ್

ಡೈರೆಕ್ಟ್ ಮೆಕ್ಯಾನಿಕ್ ಅಂದರೆ ನಮ್ಮಣ್ಣ. ಅವನ ನಿಜವಾದ ಹೆಸರು ಹೇಳಿ ವಿಳಾಸ ಕೇಳಿದರೆ ಎದುರುಮನೆಯವರೂ ತಲೆ ಕೆರೆದುಕೊಳ್ತಾರೆ. ಡೈರೆಕ್ಟ್ ಅನ್ನಿ, ಮೂರು ಬೀದಿ ಆಚೆಯಿಂದಲೇ ಕೈ ಮಾಡಿ ತೋರಿಸ್ತಾರೆ. ಬೈಕ್ ರಿಪೇರಿ ಶೆಡ್ಡು ಅವನದು. ಅದರ ಮೂಲೆಯಲ್ಲಿ ಹೊಲಿಗೆ ಮೆಷಿನ್ ಹಾಕಿಕೊಂಡು ಬೈಕುಗಳಿಗೆ ಸೀಟ್ ಕವರ್ ಹೊಲಿಯೋಳು ನಾನು, ಅವನ ಒಬ್ಬಳೇ ತಂಗಿ. ಹದಿನೆಂಟು ವರ್ಷ ಅವನ ಬೈಗುಳ ಕೇಳಿಕೊಂಡೇ ರೆಕ್ಸಿನ್ ಹೊಲಿದಿದ್ದೀನಿ. ಅವನ ಬಗ್ಗೆ ಹೇಳೋ ಅಧಿಕಾರ ನನಗಿಲ್ಲದೆ ಇನ್ಯಾರಿಗಿದೆ?

ಆ ಹೆಸರು ಬಂದದ್ದು ಹೀಗೆ. ಬೈಕಿನ ಬಲಗಡೆ ಹ್ಯಾಂಡಲ್‌ನಲ್ಲಿ, ಹೆಬ್ಬೆರಳಿಗೆ ಸಿಗೋ ಹಾಗೆ ಒಂದು ಕೆಂಪು ಸ್ವಿಚ್ಚಿರುತ್ತೆ. ಅದನ್ನ ಒಂದು ಕಡೆ ಒತ್ತಿದರೆ ಎಂಜಿನ್ ನಿಂತುಹೋಗುತ್ತೆ. ಮತ್ತೆ ಇನ್ನೊಂದು ಕಡೆ ಒತ್ತೋವರೆಗೂ, ಕೀ ಹಾಕಿ ಎಷ್ಟು ಒದ್ದರೂ ಗಾಡಿ ಸ್ಟಾರ್ಟ್ ಆಗಲ್ಲ. ಏನಾದರೂ ಅನಾಹುತ ಆದರೆ ಥಟ್ಟನೆ ಎಂಜಿನ್ ನಿಲ್ಲಿಸೋಕೆ ಅಂತ ಕೊಟ್ಟಿರೋದು. ಆದರೆ ಜನಕ್ಕೆ ಅದೊಂದು ಇದೆ ಅನ್ನೋದೇ ಮರೆತುಹೋಗಿರುತ್ತೆ. ಮಕ್ಕಳು ಆಟಕ್ಕೆ ಒತ್ತಿರ್ತಾವೆ, ಇಲ್ಲ ಗಾಡಿ ವಾಲಿ ಬಿದ್ದಾಗ ನೆಲ ತಾಗಿ ಒತ್ತಿಕೊಂಡಿರುತ್ತೆ. ಮಾಲೀಕ ಒದ್ದು ಒದ್ದು ಸೋತು, ಅಷ್ಟು ದೂರ ತಳ್ಳಿಕೊಂಡು ಬಂದು, ಶೆಡ್ಡಿನ ಮುಂದೆ ಉಸ್ಸಪ್ಪಾ ಅಂತ ಕೂರೋನು. ನಮ್ಮಣ್ಣ ಕೈಯಲ್ಲಿದ್ದ ಸ್ಪಾನರ್ ಕೂಡ ಕೆಳಗಿಡದೆ ಬಂದು, ಹೆಬ್ಬೆರಳಲ್ಲಿ ಸ್ವಿಚ್ಚು ಒತ್ತಿ, ಒಂದು ಕಿಕ್ ಹೊಡೆದರೆ ಗಾಡಿ ಗುರ್ ಅನ್ನೋದು. ದಿನಕ್ಕೆ ಇಂಥವು ಒಂದೆರಡಾದರೂ ಬರೋವು.

“ಈ ಸ್ವಿಚ್ಚು ಕಂಡುಹಿಡಿದ ಪುಣ್ಯಾತ್ಮ ಒಂದಿನ ಕೈಗೆ ಸಿಗಲಿ, ಇದೆ ಅವನಿಗೆ” ಅನ್ನೋನು. ಒಂದು ದಿನ ತಲೆಕೆಟ್ಟು ಯಾರದೋ ಬೈಕಿನ ಹೆಡ್‌ಲೈಟ್ ಬಿಚ್ಚಿದ. ಸ್ವಿಚ್ಚಿಗೆ ಹೋಗೋ ಎರಡು ವೈರ್ ಕತ್ತರಿಸಿದ, ಒಂದಕ್ಕೊಂದು ತಿರುಚಿದ, ಕಪ್ಪು ಟೇಪ್ ಸುತ್ತಿದ. “ತಗೊಳಪ್ಪಾ, ಡೈರೆಕ್ಟ್ ಕೊಟ್ಟಿದ್ದೀನಿ. ಇನ್ನು ಆ ಸ್ವಿಚ್ಚು ಬರೀ ಶೋಕಿಗೆ. ಮುಟ್ಟಿದರೂ ಅಷ್ಟೆ, ಬಿಟ್ಟರೂ ಅಷ್ಟೆ.” ಅವತ್ತಿಂದ ಶೆಡ್ಡಿಗೆ ಬಂದ ಗಾಡಿಗೆಲ್ಲ, ಕೇಳಲಿ ಬಿಡಲಿ, ಅದೊಂದು ಕೆಲಸ ಆಗಿಯೇ ಹೋಗೋದು. ಚೈನ್ ಬಿಗಿ ಮಾಡಿಸೋಕೆ ಬಂದೋನ ಗಾಡಿಗೂ ಡೈರೆಕ್ಟ್, ಗಾಳಿ ಹೊಡೆಸೋಕೆ ಬಂದೋನ ಗಾಡಿಗೂ ಡೈರೆಕ್ಟ್.

ಮಾತೂ ಹಾಗೇ. ಹೊಸ ಬೈಕ್ ತಂದು “ಹೇಗಿದೆ ಅಣ್ಣ ಗಾಡಿ?” ಅಂತ ಯಾರೋ ಕೇಳಿದರೆ, “ಗಾಡಿಗೇನಾಗಿದೆ, ಮೇಲೆ ಕೂತಿರೋದೇ ಸರಿಯಿಲ್ಲ” ಅಂದುಬಿಟ್ಟ. ಮದುವೆ ಮಾತು ಎರಡು ಸಲ ಬಂತು, ಎರಡು ಸಲವೂ ಅವನ ಬಾಯಿಂದಲೇ ಮುರಿದುಬಿತ್ತು. ನಾನು ಬೈದಿದ್ದಕ್ಕೆ, “ನನ್ನ ಜೊತೆ ಸಂಸಾರ ಮಾಡೋಳು ಇನ್ನೂ ಅಸೆಂಬಲ್ ಆಗಿಲ್ಲ ಬಿಡು” ಅಂತ ನಕ್ಕ.

ಒಳ್ಳೆಯವನಲ್ಲ ಅಂತ ಮಾತ್ರ ಹೇಳಲಾರೆ. ಅಪ್ಪ ಹೋದಾಗ ನನಗೆ ಒಂಬತ್ತು, ಅವನಿಗೆ ಹತ್ತೊಂಬತ್ತು. ಅಮ್ಮ ಹಾಸಿಗೆ ಹಿಡಿದಳು. ನನಗೆ ಜಡೆ ಹೆಣೆದು ಶಾಲೆಗೆ ಕಳಿಸ್ತಿದ್ದೋನು ಅವನೇ. ಕೈಯಲ್ಲಿ ಗ್ರೀಸ್ ಇರ್ತಿತ್ತಲ್ಲ, ಜಡೆಗೆ ಎಣ್ಣೆ ಬೇಕೇ ಇರಲಿಲ್ಲ. ಹದಿನಾರಕ್ಕೆ ನನ್ನನ್ನ ಖಾಲಿ ಮೈದಾನಕ್ಕೆ ಕರೆದುಕೊಂಡು ಹೋಗಿ, ಸೀಟ್ ಹಿಡಿದುಕೊಂಡು ಹಿಂದೆ ಓಡೋಡಿ ಬೈಕ್ ಕಲಿಸಿದ. ನೋಡಿ ನಕ್ಕೋರಿಗೆ ಅವನು ಕೊಟ್ಟ ಉತ್ತರ ಇಲ್ಲಿ ಬರೆಯೋ ಹಾಗಿಲ್ಲ. ನನ್ನನ್ನ ಮೊಂಡಿ ಅಂತಲೇ ಕರೀತಾನೆ. ಅವನ ಎದುರಿಗೆ ನಾನೆಂದೂ ಮೊಂಡುತನ ಮಾಡಿದವಳೇ ಅಲ್ಲ.

ಯಾಕಂದರೆ ಅವನಿಗೆ ‘ತಪ್ಪು’ ಅಂತ ಹೇಳೋ ಹಾಗಿರಲಿಲ್ಲ. ಸ್ಕೂಲ್ ವ್ಯಾನಿನ ಡ್ರೈವರ್ ಒಂದು ಸಲ ತನ್ನ ಬೈಕ್ ತಂದು, ಬಹಳ ಮರ್ಯಾದೆಯಿಂದಲೇ, “ಆ ಸ್ವಿಚ್ಚೊಂದು ಮೊದಲಿದ್ದ ಹಾಗೆ ಹಾಕಿಕೊಡಿ ಅಣ್ಣಾ, ಮನೇಲಿ ಹೆದರ್ತಾರೆ” ಅಂದ. ನಮ್ಮಣ್ಣ ಟೂಲ್ ಬಾಕ್ಸ್ ಎತ್ತಿ ಅವನ ಕೈಗೇ ಕೊಟ್ಟ. “ತಗೊಳ್ಳಿ. ನಿಮಗೇ ಎಲ್ಲಾ ಗೊತ್ತಲ್ಲ, ನೀವೇ ಮಾಡಿಕೊಳ್ಳಿ.” ಆಮೇಲೆ ಒಂದು ವಾರ ಮುಖ ಊದಿಸಿಕೊಂಡು ಓಡಾಡಿದ. ಮಧ್ಯಾಹ್ನದ ಊಟ ಮುಟ್ಟಲಿಲ್ಲ, ಸ್ಪಾನರ್‌ಗಳನ್ನ ಕಲ್ಲು ಎಸೆದ ಹಾಗೆ ಎಸೆದ, ನನ್ನ ಮೇಲೂ ಹಾರಾಡಿದ. ಕೈ ಎತ್ತಿದವನಲ್ಲ, ಒಂದು ದಿನವೂ ಇಲ್ಲ. ಆದರೆ ಆ ವಾರಗಳಿವೆಯಲ್ಲ, ಅವು ಬರದ ಹಾಗೆ ನೋಡಿಕೊಳ್ಳೋದೇ ನನ್ನ ಅರ್ಧ ಆಯಸ್ಸಿನ ಕೆಲಸ ಆಗಿಹೋಯ್ತು.

ಇನ್ನು ನಮ್ಮನೆಯವರು. ಮನೆಮನೆಗೆ ಹೋಗಿ ನೀರಿನ ಮೀಟರ್ ಓದೋ ಕೆಲಸ. ಬಾಗಿಲು ಮುಚ್ಚಿದರೂ ಶಬ್ದ ಆಗದ ಹಾಗೆ ಮುಚ್ಚೋ ಮನುಷ್ಯ. ಸಾರಿಗೆ ಎರಡು ಸಲ ಉಪ್ಪು ಬಿದ್ದಿದ್ದರೂ ಸುಮ್ಮನೆ ಉಂಡು, ಎರಡು ಲೋಟ ನೀರು ಕುಡಿದು, “ಚೆನ್ನಾಗಿತ್ತು” ಅಂತ ಏಳೋರು. ನಮ್ಮಣ್ಣ ಇವರನ್ನ ಭಾವ ಅಂತಿದ್ದ, ಇವರೂ ಅವನನ್ನ ಭಾವ ಅಂತಿದ್ದರು. ಅವನು ಒಂದು ಗಂಟೆ ಮಾತಾಡಿದರೆ ಇವರು ಒಂದು ಗಂಟೆ ತಲೆ ಆಡಿಸೋರು. “ಭಾವನ ಹಾಗೆ ಮಾತು ಅರ್ಥ ಮಾಡಿಕೊಳ್ಳೋರು ಈ ಊರಲ್ಲೇ ಇಲ್ಲ” ಅಂತ ಅವನು ಎಲ್ಲರ ಹತ್ತಿರ ಹೇಳಿಕೊಂಡು ತಿರುಗ್ತಿದ್ದ. ಇವರು ಅರ್ಥ ಮಾಡಿಕೊಳ್ತಿದ್ದರೋ ಸಹಿಸಿಕೊಳ್ತಿದ್ದರೋ, ಅವನಿಗೆ ಆ ವ್ಯತ್ಯಾಸ ಎಲ್ಲಿ ಗೊತ್ತಾಗಬೇಕು?

ಒಂದು ಸಂಜೆ ಇವರು ಕೆಲಸದಿಂದ ಬಂದು, ಶೂ ಕೂಡ ಬಿಚ್ಚದೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ಮುಖ ಬಿಳಿಚಿಕೊಂಡಿತ್ತು. ಮೀಟರ್ ಓದೋಕೆ ಹೋದ ಒಂದು ಗಲ್ಲಿಯಲ್ಲಿ ಗಂಡ ಹೆಂಡತಿ ಬೈಕಿಂದ ಬಿದ್ದಿದ್ದರಂತೆ. ಹೆಂಡತಿ ಕಾಲು ಹಿಂದಿನ ಚಕ್ರಕ್ಕೆ ಸಿಕ್ಕಿಕೊಂಡಿದೆ, ಎಂಜಿನ್ ಓಡ್ತಾನೇ ಇದೆ. “ಗಂಡ ಆ ಕೆಂಪು ಸ್ವಿಚ್ಚನ್ನ ಒತ್ತಿದ, ಒತ್ತಿದ, ನಿಲ್ಲಲೇ ಇಲ್ಲ ಕಣೇ. ಕೀ ಕೈಗೆ ಸಿಗೋ ಹೊತ್ತಿಗೆ ಎರಡು ಬೆರಳು ಹೋಗಿತ್ತು. ನಮ್ಮ ಭಾವನ ಶೆಡ್ಡಿನ ಗಾಡಿ. ಹೋದ ತಿಂಗಳು ನಾನೇ ನೋಡಿದ್ದೆ ಅಲ್ಲಿ.”

ಆ ಹೆಂಗಸು ಹೇಗಿದ್ದಾಳೆ ಅಂತ ಕೇಳಬೇಕಿತ್ತು ನಾನು. ಆದರೆ ಬಾಯಿಂದ ಬಂದ ಮಾತು ಯಾವುದು ಗೊತ್ತಾ? “ಅಣ್ಣನಿಗೆ ಮಾತ್ರ ಹೇಳಬೇಡಿ. ರಣರಂಗ ಆಗುತ್ತೆ.”

“ನಾನ್ಯಾಕೆ ಹೇಳಲಿ” ಅಂದರು. ಆ ಮಾತು ಅಲ್ಲಿಗೇ ಮುಗೀತು ಅಂತ ನಾನು ಅಂದುಕೊಂಡೆ.

ಅದಾಗಿ ಎರಡು ವಾರಕ್ಕೆ, ಒಂದು ರಜಾದಿನ ಮಧ್ಯಾಹ್ನ. ಇವರು ಸ್ಟೂಲ್ ಮೇಲೆ ನಿಂತು ಫ್ಯಾನ್ ಒರೆಸ್ತಿದ್ದರು. ಇಳಿದು ಬಂದು ನೆಲದ ಮೇಲೆ ಕೂತರು. ಅಂಗಿ ಬೆನ್ನೆಲ್ಲ ಒದ್ದೆ. “ಎದೆ ಮೇಲೆ ಯಾರೋ ಕೂತ ಹಾಗಿದೆ” ಅಂದರು. ಎಡಗೈ ಎತ್ತೋಕಾಗ್ತಿಲ್ಲ ಅಂದರು. ಆಂಬುಲೆನ್ಸಿಗೆ ಫೋನ್ ಮಾಡಿದರೆ, ವ್ಯಾನ್ ಬೇರೆ ಕಡೆ ಹೋಗಿದೆ, ಮುಕ್ಕಾಲು ಗಂಟೆ ಆಗುತ್ತೆ ಅಂದರು. ಅಕ್ಕಪಕ್ಕದ ಮನೆಗಳಿಗೆಲ್ಲ ಬೀಗ. ಆಸ್ಪತ್ರೆ ಬೈಕಲ್ಲಿ ಹದಿನೈದು ನಿಮಿಷದ ದಾರಿ. “ಗಾಡೀಲೇ ಹೋಗೋಣ, ಕೂರ್ತೀನಿ ನಾನು” ಅಂತ ಇವರೇ ಎದ್ದರು. ಹಿಂದೆ ಕೂರಿಸಿ, ನನ್ನ ವೇಲಲ್ಲಿ ಅವರನ್ನ ನನ್ನ ಸೊಂಟಕ್ಕೆ ಕಟ್ಟಿಕೊಂಡು ಹೊರಟೆ.

ಮುಚ್ಚಿಹೋದ ಗಿರಣಿಯ ಉದ್ದ ಕಾಂಪೌಂಡ್ ಗೋಡೆ ಇದೆಯಲ್ಲ, ಆ ರಸ್ತೆ. ಒಂದು ಕಡೆ ಗೋಡೆ, ಇನ್ನೊಂದು ಕಡೆ ಚರಂಡಿ, ಒಂದು ಅಂಗಡಿ ಇಲ್ಲ, ಮನೆ ಇಲ್ಲ. ಅಲ್ಲಿ ಇವರ ತಲೆ ನನ್ನ ಬೆನ್ನಿಂದ ಬಲಕ್ಕೆ ಜಾರಿತು. ಮೈಯೆಲ್ಲ ಆ ಕಡೆಗೇ ವಾಲಿತು. ನಾನು ಬ್ರೇಕ್ ಹಿಡಿದು ಕಾಲು ಕೊಡೋಷ್ಟರಲ್ಲಿ ಗಾಡಿ ಬಲಮಗ್ಗುಲಾಗಿ ಜಲ್ಲಿ ಮೇಲೆ ಬಿತ್ತು. ವೇಲ್ ಬಿಚ್ಚಿ ಇವರನ್ನ ಎಳೆದು ಗೋಡೆಯ ನೆರಳಿಗೆ ಒರಗಿಸಿದೆ. ಮಂಡಿ ತರಚಿತ್ತು, ಅಷ್ಟೆ. ಪ್ರಜ್ಞೆ ಇತ್ತು. “ನಿಂಗೇನಾಯ್ತು?” ಅಂತ ನನ್ನನ್ನೇ ಕೇಳಿದರು.

ಗಾಡಿ ಎತ್ತಿ ನಿಲ್ಲಿಸಿ ಒದ್ದೆ. ಇಲ್ಲ. ಮತ್ತೆ ಒದ್ದೆ. ಎಂಜಿನ್ ಉಸಿರೇ ಎತ್ತಲಿಲ್ಲ. ಅಣ್ಣನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿ ಟ್ಯಾಂಕಿನ ಮೇಲಿಟ್ಟೆ.

“ಅಣ್ಣ, ಇವರಿಗೆ ಎದೆನೋವು. ಆಸ್ಪತ್ರೆಗೆ ಹೊರಟಿದ್ದೆ, ಗಿರಣಿ ಗೋಡೆ ಹತ್ರ ಗಾಡಿ ಬಿತ್ತು. ಸ್ಟಾರ್ಟ್ ಆಗ್ತಿಲ್ಲ. ಬಾ ಅಣ್ಣ, ಬೇಗ ಬಾ.”

“ನಾನು ಬರೋಕೆ ಇಪ್ಪತ್ತೈದು ನಿಮಿಷ ಬೇಕು. ಗಾಡಿ ಐದು ನಿಮಿಷದ ಕೆಲಸ. ಹೆದರಬೇಡ, ಹೇಳಿದ ಹಾಗೆ ಮಾಡು. ಪೆಟ್ರೋಲ್ ವಾಸನೆ ಬರ್ತಿದೆಯಾ?”

“ಮೂಗಿಗೆ ಬಡೀತಿದೆ.”

“ಬಿದ್ದಿದ್ದಕ್ಕೆ ಓವರ್‌ಫ್ಲೋ ಆಗಿದೆ. ಪೆಟ್ರೋಲ್ ಕಾಕ್ ಆಫ್ ಮಾಡು. ಚೋಕ್ ಎಳೀಬೇಡ. ಎಕ್ಸಲೇಟರ್ ಪೂರ್ತಿ ತಿರುಗಿಸಿ ಹಿಡ್ಕೊಂಡು ಹತ್ತು ಸಲ ಒದಿ.”

ಹತ್ತಲ್ಲ, ಇಪ್ಪತ್ತು ಸಲ ಒದ್ದೆ. ಚಪ್ಪಲಿ ಕಿತ್ತುಹೋಯ್ತು, ಬರಿಗಾಲಲ್ಲಿ ಒದ್ದೆ. ಪ್ಲಗ್ ಬಿಚ್ಚು ಅಂದ. ನಾನೇ ಹೊಲಿದ ಸೀಟ್ ಎತ್ತಿ ಪ್ಲಗ್ ಸ್ಪಾನರ್ ತೆಗೆದೆ, ಬೆರಳು ಸುಟ್ಟುಕೊಂಡು ಪ್ಲಗ್ ಬಿಚ್ಚಿ ಒರೆಸಿದೆ. “ಕ್ಯಾಪಿಗೆ ಹಾಕಿ ಎಂಜಿನ್ ಮೈಗೆ ತಾಗಿಸಿ ಒದಿ, ಪೆಟ್ರೋಲಿಂದ ದೂರ ಹಿಡಿ. ಕಿಡಿ ಬರುತ್ತಾ?” ಬರಲಿಲ್ಲ. “ಬಿಸಿಲಲ್ಲಿ ಕಾಣಲ್ಲ, ನೆರಳು ಮಾಡಿ ನೋಡು.” ವೇಲ್ ಮರೆ ಮಾಡಿ ನೋಡಿದೆ. ಇಲ್ಲ. “ಸೀಟ್ ಕೆಳಗೆ ಬಟ್ಟೇಲಿ ಸುತ್ತಿ ಹೊಸ ಪ್ಲಗ್ ಇಟ್ಟಿದ್ದೀನಿ, ಅದನ್ನ ಹಾಕು.” ಹಾಕಿದೆ. ಅದರಲ್ಲೂ ಕಿಡಿ ಇಲ್ಲ. ಮಧ್ಯೆ ಒಂದು ಲಾರಿ ಬಂತು. ರಸ್ತೆ ಮಧ್ಯಕ್ಕೆ ಹೋಗಿ ಎರಡು ಕೈ ಬೀಸಿದೆ. ಪಕ್ಕಕ್ಕೆ ತಿರುಗಿಸಿಕೊಂಡು ಹಾರ್ನ್ ಹೊಡೆದು ಹೋದ. ಒಂದು ಕಾರು ನಿಧಾನ ಮಾಡಿ, ನಮ್ಮನ್ನ ನೋಡಿ, ಮತ್ತೆ ಜೋರಾಗಿ ಹೋಯ್ತು. ಅವರ ಮನೆ ಹಾಳಾಗ.

ಆಗ ಗೋಡೆ ಕಡೆಯಿಂದ ಇವರ ದನಿ. “ಸ್ವಿಚ್ಚು... ಕೆಂಪು ಸ್ವಿಚ್ಚು ನೋಡು.”

ನನ್ನ ಹೆಬ್ಬೆರಳು ಅದರ ಮೇಲೆ ಹೋಯ್ತು. “ಅಣ್ಣ, ಇವರು ಕೆಂಪು ಸ್ವಿಚ್ಚು ನೋಡು ಅಂತಿದ್ದಾರೆ.”

“ಭಾವನಿಗೇನು ಗೊತ್ತು ಗಾಡಿ ವಿಷಯ? ಮೀಟರ್ ಓದೋರು ಮೀಟರ್ ಓದಲಿ!” ಫೋನ್ ಕಿರುಚಿತು. “ಅದು ಡೈರೆಕ್ಟ್ ಕಣೇ! ನನ್ನ ಕೈಯಾರೆ ಕೊಟ್ಟಿದ್ದೀನಿ. ಯಾರ್ಯಾರದೋ ಮಾತು ಕೇಳಿಕೊಂಡು ಹೊತ್ತು ಹಾಳು ಮಾಡಬೇಡ. ನಾನು ಹೇಳಿದ್ದು ಮಾಡು!”

ಇವರಿಗೂ ಕೇಳಿಸಿತು. ನನ್ನ ಮುಖ ನೋಡಿದರು. ಬಾಯಿ ತೆರೆದರು. ಮತ್ತೆ ಮುಚ್ಚಿಕೊಂಡರು. ಸಾರಿಗೆ ಉಪ್ಪು ಜಾಸ್ತಿಯಾದಾಗ ಮಾಡ್ತಿದ್ದ ಅದೇ ಮುಖ. ನಾನು ಸ್ವಿಚ್ಚಿಂದ ಹೆಬ್ಬೆರಳು ತೆಗೆದೆ.

ಆಮೇಲೆ ಕಾಯಿಲ್ ವೈರ್ ಅಂದ. ಟ್ಯಾಂಕಿನಡಿ ಕೈ ತೂರಿಸಿ ತಡಕಾಡಿದೆ. ಸರಿಯಾಗೇ ಇತ್ತು. ಬ್ಯಾಟರಿ ಟರ್ಮಿನಲ್ ಅಂದ. ಅದೂ ಸರಿಯಿತ್ತು. ಫ್ಯೂಸ್ ಅಂದ. ಕೊನೆಗೆ, “ಅಲ್ಲೇ ಇರು, ಬಂದೆ” ಅಂದ. ಅಷ್ಟು ಹೊತ್ತಿಗೆ ಐದು ನಿಮಿಷದ ಕೆಲಸಕ್ಕೆ ಇಪ್ಪತ್ತು ನಿಮಿಷ ಆಗಿತ್ತು. ಆಂಬುಲೆನ್ಸಿಗೆ ಮತ್ತೆ ಫೋನ್ ಮಾಡಿ ಗಿರಣಿ ಗೋಡೆ ಹತ್ರ ಬನ್ನಿ ಅಂದೆ, ಈಗ ತಾನೇ ಹೊರಟಿದೆ ಅಂದರು. ನಾನು ಇವರ ಪಕ್ಕ ಕೂತು ತಲೆಯನ್ನ ತೊಡೆ ಮೇಲಿಟ್ಟುಕೊಂಡೆ. ಸ್ವಲ್ಪ ಹೊತ್ತು ನನ್ನ ಕೈ ಹಿಡಿದುಕೊಂಡಿದ್ದರು. ಆಮೇಲೆ ಹಿಡಿದಿದ್ದು ನಾನು ಮಾತ್ರ.

ನಮ್ಮಣ್ಣ ಯಾರದೋ ರಿಪೇರಿಗೆ ಬಂದ ಬೈಕನ್ನ ಹಾರಿಸಿಕೊಂಡು ಬಂದ. ಇಳಿದವನು ನಮ್ಮ ಕಡೆ ಬರಲಿಲ್ಲ. ಸೀದಾ ಗಾಡಿ ಹತ್ತಿರ ಹೋದ. ಹ್ಯಾಂಡಲ್ ಹಿಡಿದವನು ಹಾಗೇ ನಿಂತ. ಸ್ವಿಚ್ಚು ಆಫ್ ಕಡೆಗೆ ಒತ್ತಿಕೊಂಡಿತ್ತು. ಹೆಬ್ಬೆರಳಲ್ಲಿ ಅದನ್ನ ಈ ಕಡೆ ಒತ್ತಿದ. ಕಾಕ್ ಆನ್ ಮಾಡಿ ಒಂದೇ ಒಂದು ಕಿಕ್ ಹೊಡೆದ. ಗಾಡಿ ಸ್ಟಾರ್ಟ್ ಆಯ್ತು.

ಆ ಶಬ್ದ ಕೇಳಿಕೊಂಡು ನಾನೂ ಅಣ್ಣನೂ ಒಬ್ಬರನ್ನೊಬ್ಬರು ನೋಡಿದೆವು. ಇವರ ಕಣ್ಣು ಅರ್ಧ ತೆರೆದಿದ್ದವು.

ಇಬ್ಬರ ಮಧ್ಯೆ ಇವರನ್ನ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆವು. ನರ್ಸ್ ಎದೆ ಮುಟ್ಟಿ ನೋಡಿ, ಡಾಕ್ಟರನ್ನ ಕರೆದು, ಆಮೇಲೆ ನಮ್ಮನ್ನ ಕೇಳಿದ್ದು ಒಂದೇ, “ನೋವು ಶುರುವಾಗಿ ಎಷ್ಟು ಹೊತ್ತಾಯ್ತು?” ಅಣ್ಣ ಹತ್ತು ನಿಮಿಷ ಅಂದ. ನಾನು ಒಂದು ಗಂಟೆ ಮೇಲಾಯ್ತು ಅಂದೆ. ಆ ಕಾರಿಡಾರಿನಲ್ಲಿ ನಾನು ಅವನ ಅಂಗಿ ಕಾಲರ್ ಹಿಡಿದು ಬಾಯಿಗೆ ಬಂದ ಹಾಗೆ ಬೈದೆ. ನೀನೇ ಇವರನ್ನ ಕೊಂದೆ ಅಂದೆ. ನಿನ್ನ ಬಾಯಿಗೆ ಮಣ್ಣು ಬೀಳ ಅಂದೆ. ಹುಟ್ಟಿದಾಗಿನಿಂದ ಆಡದ ಮಾತೆಲ್ಲ ಅವತ್ತು ಆಡಿದೆ. ಅವನು ಕಂಬದ ಹಾಗೆ ನಿಂತಿದ್ದ. “ಡೈರೆಕ್ಟ್ ಕೊಟ್ಟಿದ್ದೆ ಅಲ್ವೇನೇ? ನೀನೂ ಅಲ್ಲೇ ಹೊಲೀತಾ ಕೂತಿದ್ದೆಯಲ್ಲ, ನೋಡಿದ್ದೆಯಲ್ಲ?” ಅಂತ ಮೂರು ಸಲ ಕೇಳಿದ.

ಇವರು ಹೋದ ಐದನೇ ದಿನ ಬಸ್ ಸ್ಟ್ಯಾಂಡ್ ಹಿಂದಿನ ಮೆಕ್ಯಾನಿಕ್ ಒಬ್ಬರು ಮಾತಾಡಿಸೋಕೆ ಬಂದರು. ಕೂತು, ನೀರು ಕುಡಿದು, ಕಣ್ಣೊರೆಸಿಕೊಂಡರು. “ಎರಡು ವಾರದ ಹಿಂದೆ ಬಂದಿದ್ದರಮ್ಮ. ಆ ಕೆಂಪು ಸ್ವಿಚ್ಚಿನ ಕನೆಕ್ಷನ್ ವಾಪಸ್ ಕೊಡಿ, ನನ್ನ ಹೆಂಡತಿ ಓಡಿಸೋ ಗಾಡಿ, ಬಿದ್ದುಗಿದ್ದರೆ ಅಂದರು. ನಿಮ್ಮ ಭಾವನ ಹತ್ತಿರಾನೇ ಮಾಡಿಸಬಹುದಲ್ಲಾ ಅಂದೆ. ಬೇಡ, ಅವರಿಗೆ ಬೇಜಾರಾಗುತ್ತೆ, ಗೊತ್ತಾಗದ ಹಾಗೆ ಮಾಡಿಕೊಡಿ, ಅವರು ಸುತ್ತೋ ಹಾಗೇ ಕಪ್ಪು ಟೇಪ್ ಸುತ್ತಿ ಅಂದರು.”

ನನ್ನ ಕಾಲಿಗಾಗಿ ಮಾಡಿಸಿದ್ದು. ನನಗೂ ಹೇಳದೆ ಮಾಡಿಸಿದ್ದು. ಹೇಳಿದರೆ ಅಣ್ಣನ ಮುಂದೆ ನಾನು ಸುಳ್ಳು ಮುಖ ಇಟ್ಟುಕೊಂಡು ಕೂರಬೇಕಾಗುತ್ತಲ್ಲ, ಅದಕ್ಕೆ.

ನಾನು ಅಣ್ಣನಿಗೆ ಇದನ್ನ ಹೇಳಲಿಲ್ಲ. ಒಂದು ತಿಂಗಳು ಹೇಳಲಿಲ್ಲ. ಅವನು ತಾನೇ ಮರೆತೆ, ಸಾವಿರ ಗಾಡಿಗೆ ಕೊಟ್ಟವನು ತಂಗಿ ಗಾಡಿಗೆ ಕೊಡೋಕೆ ಮರೆತೆ ಅಂತ ನಂಬಿದ್ದ. ನಂಬಲಿ ಅಂತ ಬಿಟ್ಟಿದ್ದೆ. ನನ್ನ ಸಿಟ್ಟಿಗೆ ಅದು ಬೇಕಾಗಿತ್ತು. ಶೆಡ್ಡಿಗೆ ಬಂದ ಒಂದೊಂದೇ ಗಾಡಿಯ ಹೆಡ್‌ಲೈಟ್ ಬಿಚ್ಚಿ, ತಾನೇ ತಿರುಚಿದ್ದ ವೈರ್ ಬಿಡಿಸಿ ಮತ್ತೆ ಸ್ವಿಚ್ಚಿಗೆ ಸೇರಿಸ್ತಾ ಕೂತ. ಯಾರು ಏನು ಕೇಳಿದರೂ ಮಾತಿಲ್ಲ. ಬಾಯಿ ಸತ್ತವನ ಹಾಗಾದ. ನಮ್ಮ ಗಾಡಿ ಮಾತ್ರ ಶೆಡ್ಡಿನ ಗೋಡೆಗೆ ಒರಗಿಕೊಂಡು ನಿಂತಿತ್ತು. ಅದರ ಹತ್ತಿರ ಹೋಗ್ತಿರಲಿಲ್ಲ.

ನಾನು ಮೆಷಿನ್‌ಗೆ ವಾಪಸ್ ಬಂದ ಮೊದಲ ದಿನ ಬೆಳಿಗ್ಗೆ ಅದರ ಮುಂದೆ ಸ್ಟೂಲ್ ಹಾಕಿಕೊಂಡು ಕೂತ. ಹೆಡ್‌ಲೈಟ್ ಬಿಚ್ಚಿದ. ಬಹಳ ಹೊತ್ತು ನೋಡಿದ.

“ಇದು ನನ್ನ ಕೈಯಲ್ಲ” ಅಂದ. “ಟೇಪ್ ನನ್ನ ಥರದ್ದೇ. ಸುತ್ತಿರೋದು ಉಲ್ಟಾ.” ನನ್ನ ಕಡೆ ತಿರುಗಿದ. “ಯಾರು ಮಾಡಿದ್ದು?”

ಹೇಳಿದೆ. ಆ ಗಲ್ಲಿಯ ಹೆಂಗಸಿನ ಬೆರಳಿಂದ ಹಿಡಿದು ಸ್ವಿಚ್ಚಿನ ಮೇಲಿದ್ದ ನನ್ನ ಹೆಬ್ಬೆರಳಿನವರೆಗೂ ಹೇಳಿದೆ. ಅವನು ಹಾರಾಡಲಿಲ್ಲ. ಸ್ಕ್ರೂಡ್ರೈವರ್ ಕೆಳಗಿಟ್ಟ, ಎಸೆಯಲಿಲ್ಲ.

“ನನಗ್ಯಾಕೆ ಹೇಳಲಿಲ್ಲ ಭಾವ?”

“ಭಯ.”

“ನನ್ನ ಕಂಡರಾ? ಭಾವನಿಗಾ?” ಸ್ಟೂಲ್ ಬಿಟ್ಟು ಎದ್ದ. “ನಾನೇನು ಹೊಡೀತಿದ್ದೆನಾ ಮೊಂಡಿ? ಆ ರಸ್ತೇಲಿ, ಜೀವ ಹೋಗ್ತಿದೆ ಅನ್ನುವಾಗಲಾದರೂ, ಸರಿ ಮಾಡಿಸಿದ್ದೀನಿ ಅಂತ ಒಂದು ಮಾತು ಹೇಳಬಹುದಿತ್ತಲ್ಲ!”

“ಹೇಳೋಕೆ ಬಾಯಿ ತೆಗೆದರು ಅಣ್ಣ. ನೀನು ಕಿರುಚಿದೆ. ಮುಚ್ಚಿಕೊಂಡರು.”

ಅವನು ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡ. ಗ್ರೀಸ್ ಕೈ, ಹಣೆಗೆಲ್ಲ ಹತ್ತಿತು. ಆಮೇಲೆ ತಲೆ ಎತ್ತಿ, ಮಗುವಿನ ಹಾಗೆ ಕೇಳಿದ, “ನೀನು? ನಿನ್ನ ಬೆರಳು ಅದರ ಮೇಲೇ ಇತ್ತು ಅಂದೆಯಲ್ಲ. ಸುಮ್ಮನೆ ಒಂದು ಸಲ ಒತ್ತಿ ನೋಡೋಕೇನಾಗಿತ್ತು ನಿನಗೆ?”

ಒಂದು ತಿಂಗಳಿಂದ ಹಾಸಿಗೆಯಲ್ಲಿ ಹೊರಳಾಡಿ ನನ್ನನ್ನ ನಾನೇ ಕೇಳಿಕೊಂಡ ಪ್ರಶ್ನೆ. ಉತ್ತರ ಗೊತ್ತಿತ್ತು.

“ಒತ್ತಿ ಸ್ಟಾರ್ಟ್ ಆಗಿಬಿಟ್ಟರೆ ನಿನ್ನ ಮಾತು ತಪ್ಪಾಗ್ತಿತ್ತಲ್ಲ ಅಣ್ಣ” ಅಂದೆ. “ಇವರು ಉಸಿರಿಗೆ ಒದ್ದಾಡ್ತಿದ್ದಾಗಲೂ ನನಗೆ ನಿನ್ನ ಭಯಾನೇ ದೊಡ್ಡದಾಯ್ತು.”